ತೋಳ ಕಾಯುವ ವಿರುಪಣ್ಣ

ಹುಟ್ಟಿದಾಗಿನಿಂದ ತೋಳದ ಬಾಯಿಗೆ ಬೀಳದಂತೆ ಕುರಿ ಕಾಯ್ದ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ತೋಳವನ್ನೇ ಕಾಯುವ ನೌಕರಿ ಸಿಕ್ಕಿತೆಂದರೆ ಊರು ಸುಮ್ಮನೆ ಬಿಡುತ್ತದೆಯೇ? ಚಿಕ್ಕಮಟ್ಟಿ ಬಿಡಲಿಲ್ಲ. ವಿರುಪಣ್ಣ ಚಹಾದಂಗಡಿಯ ಮುಂದೆ ಹಾದರೆ ಸಾಕು, “ಏನಪಾ, ನಿನ್ನ ಮಕ್ಕಳು ಆರಾಮ ಅದಾವೇನು?” ಎಂದು ಒಬ್ಬರಾದರೂ ಕೇಳುತ್ತಿದ್ದರು. ಮಕ್ಕಳೆಂದರೆ ಬೋಳಗುಡ್ಡದ ತೋಳಗಳು. ವಿರುಪಣ್ಣ ಸಿಟ್ಟಿಗೇಳುವ ಪೈಕಿಯಲ್ಲ. “ಆರಾಮ ಅದಾವು. ನಿನ್ನ ಭಾಳ ನೆನಸ್ತಾವ. ಒಂದಿನ ನಿಮ್ಮ ಮನಿಗೆ ಊಟಕ್ಕ ಬರ್ತಾವಂತ” ಎಂದು ಹೇಳಿ, ಟೊಪ್ಪಿಗೆ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ.

ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಸ್ಸು ಒಲ್ಲದ ಮನಸ್ಸಿನಿಂದ ನಿಲ್ಲುವ ಊರು ಚಿಕ್ಕಮಟ್ಟಿ. ಮುಂದೆ ಎರೆಹೊಲ, ಬೆನ್ನಿಗೆ ಬೋಳಗುಡ್ಡ. ಗುಡ್ಡದ ಮೇಲೆ ಮರವಿಲ್ಲ, ಬರೀ ಹುಲ್ಲು. ಹೊರಗಿನಿಂದ ಬಂದವರು ಕಾರಿನಿಂದ ಇಳಿದ ಕೂಡಲೇ “ಅಯ್ಯೋ ಪಾಪ, ಎಷ್ಟು ಬರಡು” ಎಂದು ಲೊಚಗುಟ್ಟುತ್ತಾರೆ. ಬರಡಂತೆ! ಆ ಹುಲ್ಲನ್ನು ನಂಬಿ ಊರಿನ ಅರ್ಧ ಮನೆಗಳ ಕುರಿಗಳು ಬದುಕಿವೆ, ಮೊಲ ಬದುಕಿವೆ, ಚಿಗರಿ ಬದುಕಿವೆ, ಅವೆಲ್ಲವನ್ನೂ ನಂಬಿ ತೋಳ ಬದುಕಿವೆ. ಲೊಚಗುಟ್ಟುವವರ ಕಣ್ಣಿಗೆ ಮರ ಕಂಡರೆ ಮಾತ್ರ ಕಾಡು.

ಕೆಲವು ವರ್ಷಗಳ ಹಿಂದೆ ಗುಡ್ಡದ ನೆತ್ತಿಗೆ ಗಾಳಿಯಂತ್ರಗಳು ಬಂದವು. ಊರಿನವರ ಬಾಯಲ್ಲಿ ಅವು ಫ್ಯಾನು. ಕಂಪನಿಯವರು ದೊಡ್ಡ ಅಕ್ಷರದಲ್ಲಿ ‘ಪವನ ವಿದ್ಯುತ್ ಘಟಕ’ ಎಂದು ಬೋರ್ಡು ಬರೆಸಿದರೂ ಜನ ಅದನ್ನು ಓದಿ, ತಲೆಯಾಡಿಸಿ, ಫ್ಯಾನು ಅಂತಲೇ ಅಂದರು. ಫ್ಯಾನಿನ ಬುಡ ಕಾಯಲು ಒಬ್ಬ ಮನುಷ್ಯ ಬೇಕಾಗಿದ್ದ. ಗುಡ್ಡದ ಒಂದೊಂದು ಕಲ್ಲೂ ಗೊತ್ತಿದ್ದ ವಿರುಪಣ್ಣ ಆ ಕೆಲಸಕ್ಕೆ ಸೇರಿಕೊಂಡ. ಮನೆಯ ಕುರಿಗಳು ಹೆಂಡತಿ ಪಂಪಮ್ಮನ ಪಾಲಿಗೆ ಬಂದವು. ಕಂಪನಿ ಕೊಟ್ಟ ಕಿತ್ತಳೆ ಬಣ್ಣದ ಹೊಳೆಯುವ ಜಾಕೀಟು ಹಾಕಿಕೊಂಡು ಮೊದಲ ದಿನ ಅವನು ತನ್ನ ಹಿಂಡಿನ ಹತ್ತಿರ ಹೋದರೆ, ಅವನೇ ಕೈಯಾರೆ ಸಾಕಿದ ಕುರಿಗಳು ದಿಕ್ಕಾಪಾಲಾಗಿ ಓಡಿದವು. ಪಂಪಮ್ಮ ಸಂಜೆಯವರೆಗೆ ಅವನ್ನು ಕೂಡಿಹಾಕಿ ಮನೆಗೆ ಬಂದವಳೇ, “ಅದನ್ನ ಕಳದು ಬರ್ರಿ. ಇಲ್ಲಾಂದ್ರ ಆ ಫ್ಯಾನಿನ ಕೂಡನ ಸಂಸಾರ ಮಾಡ್ರಿ” ಎಂದಿದ್ದಳು. ಅಂದಿನಿಂದ ಜಾಕೀಟು ಸಾಹೇಬರು ಬಂದಾಗ ಮಾತ್ರ.

ತೋಳದ ಕೆಲಸ ಬಂದದ್ದು ಅಮೃತಾಳಿಂದ. ಅವಳು ಕೊಪ್ಪಳದ ಹುಡುಗಿ. ಕಂಪನಿಯ ಪರವಾಗಿ ಹಳ್ಳಿಗಳ ಜೊತೆ ಮಾತಾಡುವುದು ಅವಳ ನೌಕರಿ. ಅರಣ್ಯ ಇಲಾಖೆ, ಕಂಪನಿ, ಗ್ರಾಮ ಪಂಚಾಯತಿ ಮೂವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಎರಡು ವರ್ಷದ ಒಪ್ಪಂದ ಮಾಡಿಸಿದವಳು ಅವಳೇ. ಪಂಚಾಯತಿ ಗುಡ್ಡದ ಗಾಯರಾಣವನ್ನು, ಅಂದರೆ ಊರಿನ ದನಕುರಿ ಮೇಯುವ ಜಾಗವನ್ನು, ಹುಲ್ಲಾಗಿಯೇ ಉಳಿಸಬೇಕು. ಕಲ್ಲು ಒಡೆಯಬಾರದು, ಬೇಲಿ ಹಾಕಬಾರದು. ಇಲಾಖೆ ತನ್ನ ವಾಚರ್ ಮಕ್ಬುಲಸಾಬನನ್ನು ಗುಡ್ಡಕ್ಕೆ ಬಿಡಬೇಕು. ಖರ್ಚು ಕಂಪನಿಯದು. ತೋಳ ಯಾರದಾದರೂ ಕುರಿ ಒಯ್ದರೆ ಅದರ ಬೆಲೆಯನ್ನೂ ಕಂಪನಿಯೇ ಕೊಡಬೇಕು. ಯಾರ ಕುರಿ, ಯಾವಾಗ ಹೋಯಿತು ಎಂದು ವಿಚಾರಿಸಿ ಅರ್ಜಿ ತುಂಬಿಸುವುದು ವಿರುಪಣ್ಣನ ಕೆಲಸ. ಹೀಗೆ ಅವನು ತೋಳ ಕಾಯುವವನಾದ.

ಕೆಲಸ ಅವನಿಗೆ ಹಿಡಿಸಿತು. ಕುರಿ ಕಾಯುವಾಗ ತೋಳವೆಂದರೆ ಕವಣೆ, ಕೂಗು, ನಾಯಿ ಛೂ ಬಿಡುವುದು, ಅಷ್ಟೇ ಆಗಿತ್ತು. ಈಗ ಮಕ್ಬುಲಸಾಬನ ಜೊತೆ ಬಂಡೆಯ ಮರೆಗೆ ಬೋರಲಾಗಿ ಮಲಗಿ ನೋಡಿದರೆ, ತಾಯಿತೋಳ ಮರಿಗಳಿಗೆ ಬಾಲ ಕಚ್ಚಲು ಕೊಟ್ಟು ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿರುತ್ತಿತ್ತು. “ಅಲ್ಲೋ ಸಾಬ, ಇಷ್ಟು ವರ್ಸ ಬರೀ ಅದರ ಹಲ್ಲು ನೋಡಿದ್ನಿ, ಮಾರಿ ನೋಡಿರಲಿಲ್ಲ” ಎಂದು ವಿರುಪಣ್ಣ ಪಿಸುಗುಟ್ಟಿದ್ದ. ಸಾಬ ಬೀಡಿ ಸೇದುವ ಆಸೆಯನ್ನು ನುಂಗಿಕೊಂಡು, “ಸುಮ್ಕಿರು, ಅದು ನಿನ್ನ ಮಾರಿ ನೋಡಿದ್ರ ಮರಿ ಕಟಗೊಂಡು ಓಡೇ ಬಿಡ್ತೈತಿ” ಎಂದಿದ್ದ.

ಎಲ್ಲ ಸುಸೂತ್ರವಾಗಿತ್ತು, ಒಂದು ಮಾತು ಬಿಟ್ಟು. ಎರಡು ವರ್ಷ ಮುಗಿಯುತ್ತ ಬಂದರೂ ಒಂದೇ ಒಂದು ಅರ್ಜಿ ಬರಲಿಲ್ಲ.

ತೋಳ ಕುರಿ ಒಯ್ಯುತ್ತಿರಲಿಲ್ಲವೆಂದಲ್ಲ. ಒಯ್ಯುತ್ತಿತ್ತು. ಆದರೆ ಚಿಕ್ಕಮಟ್ಟಿಯ ಕುರಿಗಾರರಲ್ಲಿ ಹಿಂದಿನಿಂದ ನಡೆದುಬಂದದ್ದೆಂದರೆ, ತೋಳ ಒಯ್ದ ಕುರಿ ಕುಲದೇವರು ಬೀರಪ್ಪನ ಪಾಲು. ಗುಡ್ಡ ಬೀರಪ್ಪನದು, ಹುಲ್ಲು ಬೀರಪ್ಪನದು, ತೋಳವೂ ಅವನದೇ. ವರ್ಷವೆಲ್ಲ ಅವನ ಹುಲ್ಲು ಮೇಯಿಸಿ, ಅವನು ಒಂದು ಮರಿ ತೆಗೆದುಕೊಂಡರೆ ಗೋಳಿಡುವುದೇ? ಹಾಗೆ ಹೋದ ಕುರಿಯ ಹೆಸರೆತ್ತುವುದಿಲ್ಲ, ಅದಕ್ಕಾಗಿ ಅಳುವುದಿಲ್ಲ. ಅದರ ಬೆಲೆ ಕೇಳುವುದಂತೂ ದೇವರಿಗೆ ಎಡೆ ಹಿಡಿದು ಆಮೇಲೆ ಊಟದ ಬಿಲ್ಲು ಕೊಟ್ಟ ಹಾಗೆ. ಇದರ ಮೇಲೆ ಆ ಅರ್ಜಿಯ ಮೊದಲನೆಯ ಪ್ರಶ್ನೆಯೇ ‘ನಿಮ್ಮಲ್ಲಿರುವ ಒಟ್ಟು ಕುರಿಗಳೆಷ್ಟು?’ ಎಂದು. ಕುರಿಯನ್ನು ಮುಖ ನೋಡಿ ಗುರುತಿಡಬೇಕೇ ಹೊರತು ಎಣಿಸಬಾರದು, ಎಣಿಸಿದರೆ ಏಳಿಗೆಯಿಲ್ಲ ಎಂದು ನಂಬಿದವರ ಮುಂದೆ ಆ ಹಾಳೆ ಹಿಡಿದರೆ ಅವರು ವಿರುಪಣ್ಣನನ್ನು ದೃಷ್ಟಿ ಹಾಕಲು ಬಂದವನಂತೆ ನೋಡುತ್ತಿದ್ದರು.

ಇಲಾಖೆ ಗುಡ್ಡದಲ್ಲಿ ಒಂದು ಕ್ಯಾಮೆರಾ ಕಟ್ಟಿತ್ತು. ಅದನ್ನು ಬಿಚ್ಚಿ ನೋಡಿದರೆ ಒಳಗೆ ರಾಶಿ ರಾಶಿ ಚಿತ್ರ. ಮುಕ್ಕಾಲು ಪಾಲು ಕುರಿಗಳ ಹಿಂಭಾಗ. ಉಳಿದವುಗಳಲ್ಲಿ ವಿರುಪಣ್ಣ ಕ್ಯಾಮೆರಾದ ಗಾಜಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದುತ್ತಿದ್ದ.

ಒಂದು ದಿನ ಅಮೃತಾ ಬಂದವಳು ಚಹಾ ಕುಡಿಯದೆ ಕುಳಿತಳು. ಅವಳು ಚಹಾ ಬೇಡವೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

“ವಿರುಪಣ್ಣಾರ, ಪುಣೆ ಆಫೀಸಿನ ಸಾಹೇಬ್ರು ಬರಾಕತ್ತ್ಯಾರ. ಒಂದೂ ಅರ್ಜಿ ಇಲ್ಲಲ್ಲ, ಅಲ್ಲಿ ತ್ವಾಳನ ಇಲ್ಲ ಅಂತಾರ. ಒಪ್ಪಂದ ಮುಂದುವರಸೂದಿಲ್ಲಂತ. ಪಂಚಾಯ್ತಿ ಗುಡ್ಡದ ಇಳಿಜಾರು ಸೋಲಾರಕ್ಕ ಕೊಡಾಕ ತಯಾರೈತಿ. ಹಲಗಿ ಹಾಕಿ ಸುತ್ತ ತಂತಿಬೇಲಿ ಬಿಗೀತಾರ.”

“ಹುಲ್ಲು?”

“ಬೇಲಿ ಒಳಗ ಹೋಗ್ತೈತಿ.”

“ತ್ವಾಳ?”

ಅಮೃತಾ ಗುಡ್ಡದ ಕಡೆ ತಿರುಗಿದಳು. ವಿರುಪಣ್ಣನೂ ಅತ್ತ ನೋಡಿದ. ನೌಕರಿ ಹೋದರೆ ಹೋಗಲಿ, ಕುರಿ ಕಾಯುವುದು ಮರೆತಿಲ್ಲ. ಆದರೆ ಆ ಇಳಿಜಾರಿನಲ್ಲೇ ತಾಯಿತೋಳದ ಗವಿ ಇತ್ತು. ಇಡೀ ಊರಿನ ಕುರಿ ಮೇಯುವ ಜಾಗವೂ ಅದೇ ಆಗಿತ್ತು.

ಮರುದಿನದಿಂದ ಅವನು ಹಿಂಡು ಹಿಂಡು ತಿರುಗಿದ. ಮೊದಲು ಹೋದದ್ದು ಹಂಪಣ್ಣನಲ್ಲಿಗೆ. ಹಂಪಣ್ಣ ಊರಿನ ಹಿರಿಯ ಕುರಿಗಾರ. ಅವನು ಹೂಂ ಎಂದರೆ ಉಳಿದವರೂ ಹೂಂ ಅನ್ನುತ್ತಾರೆ.

“ಹಂಪಣ್ಣಜ್ಜ, ಈ ವರ್ಸ ನಿಂದು ಯಾವುದರ ಕುರಿ ತ್ವಾಳ ಒಯ್ದೈತೇನು?”

“ನನ್ನ ಹಿಂಡಿಗಿ? ತ್ವಾಳನ?” ಹಂಪಣ್ಣ ಕಂಬಳಿ ಕೊಡವಿದ. “ನಾ ಏನ್ ನಿದ್ದಿ ಮಾಡಾಕ ಗುಡ್ಡಕ್ಕ ಹೋಗ್ತೀನಿ?”

“ಆ ಬಿಳೆ ಕಿವಿ ಹೋತ ಕಾಣವಲ್ದಲ್ಲ?”

“ಅದು ಬೀಗರ ಮನಿಗೆ ಹೋಗೈತಿ.”

ಹೋತ ಬೀಗರ ಮನೆಗೆ ಹೋಗಿದೆಯಂತೆ! ಹೀಗೇ ಒಬ್ಬನ ಕುರಿ ದಾರಿ ತಪ್ಪಿತ್ತು, ಇನ್ನೊಬ್ಬನದು ಕುಷ್ಟಗಿ ಸಂತೆಗೆ ಹೋಗಿತ್ತು, ಮತ್ತೊಬ್ಬನಿಗೆ ಅಂಥ ಕುರಿ ಇದ್ದದ್ದೇ ನೆನಪಿರಲಿಲ್ಲ. ವಿರುಪಣ್ಣ ಖಾಲಿ ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದಂತೆಯೇ ತಂದ. ಅವರನ್ನು ಬೈಯುವುದಕ್ಕೂ ಬಾಯಿ ಬರಲಿಲ್ಲ. ಅವನೇ ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದ.

ಅದು ಎಷ್ಟು ನಿಜವೆಂದು ನಾಲ್ಕೇ ದಿನದಲ್ಲಿ ಗೊತ್ತಾಯಿತು. ಪಂಪಮ್ಮನ ಹತ್ತಿರ ಒಂದು ಕೆಂದ ಬಣ್ಣದ ಕುರಿಮರಿ ಇತ್ತು. ತಾಯಿ ಹಾಲು ಬಿಡದೆ ಒದ್ದು ದೂಡಿದ್ದ ಅದನ್ನು ಅವಳು ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ ಉಳಿಸಿದ್ದಳು. ಅದು ತನ್ನನ್ನು ಕುರಿ ಎಂದು ತಿಳಿದಂತೆಯೇ ಇರಲಿಲ್ಲ. ಪಂಪಮ್ಮ ಎಲ್ಲಿಗೆ ಹೋದರೂ ಸೀರೆಯ ಅಂಚು ಬಾಯಲ್ಲಿ ಹಿಡಿದು ಹಿಂದೆ ಹೋಗುತ್ತಿತ್ತು. ಆ ದಿನ ಮಧ್ಯಾಹ್ನ ಗುಡ್ಡದ ಬುಡದಲ್ಲಿ ಅವಳು ಬುತ್ತಿ ಬಿಚ್ಚುವ ಹೊತ್ತಿಗೆ ತೋಳ ಬಂದು, ಹಿಂಡಿನ ಹೊರಗೆ ನಿಂತಿದ್ದ ಅದನ್ನೇ ಕಚ್ಚಿಕೊಂಡು ಹೋಯಿತು.

ಸಂಜೆ ವಿರುಪಣ್ಣ ಮನೆಗೆ ಬಂದಾಗ ಪಂಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಎಂದಿಗಿಂತ ಜೋರಾಗಿ ಬಡಿಯುತ್ತಿದ್ದಳು. ವಿಷಯ ತಿಳಿದು ಅವನು ಒಲೆಯ ಮುಂದೆ ಕೂತ. ಆಮೇಲೆ ಅಳುಕುತ್ತಲೇ ಅಂಗಿಯೊಳಗಿನ ಹಾಳೆ ತೆಗೆದ.

“ಪಂಪೀ, ಒಂದs ಅರ್ಜಿ. ಸಾಹೇಬ ಬರೂದ್ರಾಗ ಒಂದರ ಇದ್ರ...”

“ಒಳಗ ಇಡ್ರಿ ಅದನ್ನ.”

“ಗುಡ್ಡ ಉಳೀತೈತಿ.”

“ದೇವರು ತಗೊಂಡದ್ದಕ್ಕ ನಾ ಬೆಲಿ ಹಚ್ಚಲೇನು? ಅದೂ ಆ ಮರಿಗೆ?” ಅವಳ ಕಣ್ಣು ಒಣಗಿಯೇ ಇತ್ತು. “ನೀವು ಬರಕೊಟ್ರ ನಾ ಹೆಬ್ಬಟ್ಟು ಒತ್ತೂದಿಲ್ಲ. ಉಣ್ರಿ, ರೊಟ್ಟಿ ಆರ್ತೈತಿ.”

ವಿರುಪಣ್ಣ ಉಂಡ. ಎರಡು ವರ್ಷ ಊರಿಗೆಲ್ಲ ಅರ್ಜಿ ತುಂಬಿರೆಂದು ಹೇಳಿದವನು ತನ್ನ ಮನೆಯಲ್ಲಿ ಒಂದು ಅರ್ಜಿ ತುಂಬಿಸಲಾರದೆ ಹೋದ. ನಗು ಬಂತು, ಸಂಕಟವಾಯಿತು, ಹೆಂಡತಿಯ ಮೇಲೆ ಅಭಿಮಾನವೂ ಬಂತು. ಮೂರೂ ಒಟ್ಟಿಗೆ ಬಂದವು, ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಸಾಹೇಬರು ಬಂದರು. ಹೆಸರು ಗೋವಿಂದರಾಜ, ಮೂಲ ಬಳ್ಳಾರಿ ಕಡೆಯವರು, ಒಳ್ಳೆಯ ಮನುಷ್ಯ. ಪಂಚಾಯತಿಯ ಅಂಗಳದಲ್ಲಿ ಬೇವಿನ ಮರದಡಿ ಜಮಖಾನೆ ಹಾಸಿದ್ದರು. ವಿರುಪಣ್ಣ ಕಿತ್ತಳೆ ಜಾಕೀಟಿನಲ್ಲಿ ಬೆವರುತ್ತ ಒಂದು ಮೂಲೆಗೆ ನಿಂತ. ಕುರಿಗಾರರು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಒಂದು ಬದಿಗೆ ಕೂತರು. ಊಟಕ್ಕೆ ರೊಟ್ಟಿ ತಂದ ಹೆಂಗಸರ ಗುಂಪಿನಲ್ಲಿ ಪಂಪಮ್ಮನೂ ಇದ್ದಳು.

“ನಿಮ್ಮನ್ನು ದೂರುವುದಕ್ಕೆ ನಾನು ಬಂದಿಲ್ಲ” ಎಂದು ಗೋವಿಂದರಾಜರು ಶುರುಮಾಡಿದರು. “ಎರಡು ವರ್ಷದಲ್ಲಿ ತೋಳ ಒಂದು ಕುರಿಯನ್ನೂ ಮುಟ್ಟಿಲ್ಲ. ಅಂದರೆ ಇಲ್ಲಿ ತೋಳಗಳಿಲ್ಲ. ಇದ್ದರೂ ಒಂದೆರಡು ಮುದಿ ತೋಳ ಇರಬೇಕು, ಕುರಿ ಹಿಡಿಯುವ ಶಕ್ತಿಯೂ ಇಲ್ಲದವು. ಇಲ್ಲದ ಪ್ರಾಣಿಗಾಗಿ ನಾವು ಖರ್ಚು ಮಾಡುವುದು ಹೇಗೆ, ನೀವೇ ಹೇಳಿ.”

ಮಕ್ಬುಲಸಾಬ ಎದ್ದು ತಾನು ಕಂಡ ತಾಯಿತೋಳದ, ಹೆಜ್ಜೆ ಗುರುತಿನ ಮಾತೆತ್ತಿದ. ಹೆಜ್ಜೆ ನಾಯಿಯದೂ ಇರಬಹುದು, ಕಂಡದ್ದಕ್ಕೆ ಕ್ಯಾಮೆರಾದಲ್ಲಿ ಒಂದು ಚಿತ್ರವೂ ಇಲ್ಲ ಎಂದರು ಸಾಹೇಬರು. ಅಮೃತಾ ಕುರಿಗಾರರ ಕಡೆ ನೋಡಿದಳು. ಕುರಿಗಾರರು ನೆಲ ನೋಡಿದರು. ಹಂಪಣ್ಣನ ದವಡೆ ಮಾತ್ರ ಅಡಕೆ ಇಲ್ಲದೆಯೇ ಆಡುತ್ತಿತ್ತು. ಎಲ್ಲ ಮುಗಿಯಿತೆಂದು ವಿರುಪಣ್ಣ ಕಣ್ಣು ಮುಚ್ಚಿಕೊಂಡ.

“ಯಾವುದು ಮುದಿ?”

ಕಣ್ಣು ತೆರೆದರೆ ಪಂಪಮ್ಮ ಎದ್ದು ನಿಂತಿದ್ದಳು.

“ಯಾವ ತ್ವಾಳ ಮುದಿ ಅಂದ್ರಿ ಸಾಹೇಬ್ರ? ಮೊನ್ನಿ ಹಾಡಹಗಲ, ನನ್ನ ಕಣ್ಣ ಮುಂದ, ನಾ ಬಾಟ್ಲಿ ಹಾಲು ಕುಡಿಸಿ ಬೆಳೆಸಿದ ಮರಿ ಒಯ್ದೈತಿ. ಒದರಿದೆ, ಕಲ್ಲು ಒಗದೆ. ಮರಿ ಬಾಯಾಗ ಹಿಡಕೊಂಡs ಒಮ್ಮಿ ತಿರುಗಿ ನೋಡಿತು, ಹಳ್ಳ ಜಿಗಿದು ಹೋತು. ನಿಮ್ಮ ಕಾರು ಜಿಗೀತೈತೇನು ಆ ಹಳ್ಳ? ಮುದಿ ಅಂತ ಮುದಿ! ನಮ್ಮ ಗುಡ್ಡದ ತ್ವಾಳಕ್ಕ ಹಂಗನಬ್ಯಾಡ್ರಿ.”

ಅದನ್ನು ಕೇಳಿ ಹಂಪಣ್ಣ ಮಂಡಿಯ ಮೇಲೆ ಕೈಯೂರಿ ಎದ್ದ.

“ಆಕಿದು ಏನ್ ಮಹಾ, ಮರಿ. ನನ್ನ ಬಿಳೆ ಕಿವಿ ಹೋತ ಇತ್ತು, ಇಷ್ಟೆತ್ತರ. ನಾ ಇಲ್ಲಿ ಕುಂತೀನಿ, ಹೋತ ಅಲ್ಲಿ ಐತಿ, ನಡುವ ಎರಡು ನಾಯಿ. ಒಂದು ತ್ವಾಳ ಆ ಕಡೆ ಕುಂಟಿದಂಗ ಮಾಡಿ ನಾಯಿ ಎರಡನ್ನೂ ಬೆನ್ನಟ್ಟಿಸಿಕೊಂಡು ಹೋತು, ಇನ್ನೊಂದು ಈ ಕಡೆಯಿಂದ ಬಂದು ಹೋತಾನ ಎಳಕೊಂಡು ಹೋತು. ಅಂಥಾ ಶಾಣ್ಯಾ ಅದಾವು!”

“ಬೀಗರ ಮನಿಗೆ ಹೋಗೈತಿ ಅಂದಿದ್ಯಲ್ಲೋ ಅಜ್ಜ!” ಎಂದು ಯಾರೋ ಕೂಗಿದರು.

ಇನ್ನೇನು, ಕಟ್ಟೆ ಒಡೆಯಿತು. ಒಬ್ಬನ ಕುರಿಯನ್ನು ಹಿಂಡಿನ ಸುತ್ತ ಕಟ್ಟಿದ ಬಲೆ ಹಾರಿ ಒಯ್ದಿತ್ತಂತೆ, ಇನ್ನೊಬ್ಬನದನ್ನು ಅವನ ಕಂಬಳಿಯ ಮಗ್ಗುಲಿನಿಂದಲೇ. ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದ ಗಂಡಸರು ಈಗ ‘ನಂದು ಕೇಳ್ರಿ’ ‘ಮೊದಲ ನಂದು ಕೇಳ್ರಿ’ ಎಂದು ಸಾಹೇಬರ ತೋಳು ಹಿಡಿದು ಎಳೆದರು. ತಮ್ಮ ಗುಡ್ಡದ ತೋಳಕ್ಕೆ ತಮ್ಮನ್ನು ಮೋಸಗೊಳಿಸುವಷ್ಟು ಬುದ್ಧಿ ಇದೆ ಎಂಬುದೇ ಅವರಿಗೀಗ ದೊಡ್ಡಸ್ತಿಕೆ. ವಿರುಪಣ್ಣ ಜಾಕೀಟಿನೊಳಗೇ ಬಿದ್ದು ಬಿದ್ದು ನಕ್ಕ. ಗೋವಿಂದರಾಜರೂ ನಕ್ಕರು. ನಕ್ಕು ಸುಸ್ತಾಗಿ ನೀರು ಕುಡಿದು ಕೇಳಿದರು:

“ಇಷ್ಟೆಲ್ಲ ಹೋಗಿದ್ದರೆ ಪರಿಹಾರ ಯಾಕೆ ಕೇಳಲಿಲ್ಲ?”

ಎಲ್ಲರೂ ಮತ್ತೆ ನೆಲ ನೋಡಿದರು. ಈ ಸಲ ವಿರುಪಣ್ಣ ಮುಂದೆ ಬಂದ. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದವನಿಗೆ ಆ ಹೊತ್ತಿಗೆ ಮಾತು ಹೇಗೆ ಬಂತೋ.

“ಅದು ಒಯ್ದದ್ದು ಬಿಡ್ರಿ ಸಾಹೇಬ್ರ. ಅದು ಬೀರಪ್ಪಗ ಬಿಟ್ಟದ್ದು, ಅದಕ್ಕ ನಾವು ರೊಕ್ಕ ಮುಟ್ಟೂದಿಲ್ಲ. ಉಳದ ಕುರಿ ಅದಾವಲ್ಲ, ಅವಕ್ಕ ಏನರ ಮಾಡ್ರಿ. ತ್ವಾಳ ಒಂದೋ ಎರಡೋ ಒಯ್ತೈತಿ. ನೀಲಿ ನಾಲಿಗಿ ಬ್ಯಾನಿ ಬಂತಂದ್ರ ಕುರಿ ಕೂಡೂ ದಡ್ಡಿಗೆ ದಡ್ಡಿನ ಬರಿದಾಕ್ಕೈತಿ. ಆ ಸೂಜಿ ಮದ್ದು ವ್ಯಾಳ್ಯಾಕ್ಕ ಸರಿಯಾಗಿ ಹಾಕಸ್ರಿ. ಕುರಿ ಗಟ್ಟಿಯಾಗಿದ್ರ ಒಂದು ಮರಿ ಹೋದ್ರ ತ್ವಾಳನ ಮ್ಯಾಲ ಯಾರಿಗೆ ಸಿಟ್ಟು ಬರ್ತೈತಿ? ತ್ವಾಳ ಬಂದ ಸುದ್ದಿ ನಾವs ಫೋನ್ ಹಚ್ಚಿ ಹೇಳ್ತೀವಿ, ಪುಗಸಟ್ಟೆ.”

ಗೋವಿಂದರಾಜರು ಅಮೃತಾಳ ಕಡೆ ತಿರುಗಿ, ಲಸಿಕೆ ಹಾಕಿಸಲು ಪಶುವೈದ್ಯ ಇಲಾಖೆ ಜೊತೆಗೆ ಬರುತ್ತದೆಯೇ ಎಂದು ಕೇಳಿದರು. ಬರಸ್ತೀನ್ರಿ ಸರ್, ಎಂದಳು ಅಮೃತಾ. ಅಂದು ಅವಳು ಎರಡು ಸಲ ಚಹಾ ಕುಡಿದಳು. ಆದರೂ ಸಾಹೇಬರು ಅಲ್ಲೇ ಮಾತು ಕೊಡಲಿಲ್ಲ. ಮೊದಲು ಒಂದು ಸಲ ಲಸಿಕೆ ಹಾಕಿ ನೋಡೋಣ, ಆಮೇಲೆ ಮೇಲಿನವರಿಗೆ ಹೇಳುತ್ತೇನೆ ಎಂದು ಹೋದರು.

ಲಸಿಕೆಯ ದಿನ ಇನ್ನೊಂದು ಪೇಚಾಟ. ಎಷ್ಟು ಕುರಿಗೆ ಮದ್ದು ತರಲಿ ಎಂದು ಡಾಕ್ಟರರು ಕೇಳಿದರೆ ಒಬ್ಬರಾದರೂ ಸಂಖ್ಯೆ ಹೇಳಬೇಕಲ್ಲ! “ಜಾಸ್ತಿನ ತರ್ರಿ, ಉಳದ್ರ ಪಕ್ಕದ ಊರಿನವು ಅದಾವ” ಎಂದು ವಿರುಪಣ್ಣ ಅದನ್ನೂ ಬಗೆಹರಿಸಿದ. ಸೂಜಿ ಚುಚ್ಚಿಸಿಕೊಂಡ ಕುರಿಗೆ ಕಿವಿಯ ಹಿಂದೆ ಕುಂಕುಮದ ಗುರುತು. ಸಂಜೆಯ ಹೊತ್ತಿಗೆ ಇಡೀ ಗುಡ್ಡ ಮದುವೆಗೆ ಹೊರಟ ಬೀಗಿತಿಯರಿಂದ ತುಂಬಿದಂತಿತ್ತು. ಹಿಡಿದು ಹಿಡಿದು ಕೈ ಸೋತ ಮಕ್ಬುಲಸಾಬನಿಗೆ ಒಂದು ಟಗರು ಗುದ್ದಿತು. ಡಾಕ್ಟರರು ಸೂಜಿ ಹಿಡಿದು ಅವನ ಹಿಂದೆಯೂ ಬಂದಾಗ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂಗಾರು ಮೋಡ ಕಟ್ಟುತ್ತಿದ್ದ ಒಂದು ಸಂಜೆ, ಗಂಡಹೆಂಡತಿ ಕುರಿಗಳನ್ನು ದಡ್ಡಿಗೆ ಕೂಡುತ್ತಿದ್ದಾಗ ಅಮೃತಾಳ ಫೋನು ಬಂತು. ಒಪ್ಪಂದ ಐದು ವರ್ಷಕ್ಕೆ ಮುಂದುವರಿಯಿತು. ಸೋಲಾರಕ್ಕೆ ಪಂಚಾಯತಿ ಬೇರೆ ಜಾಗ ಕೊಟ್ಟಿತು. ಬೋಳಗುಡ್ಡಕ್ಕೆ ಬೇಲಿ ಇಲ್ಲ. ವಿರುಪಣ್ಣ ಫೋನನ್ನು ಕಿಸೆಗೆ ಹಾಕಲೂ ಮರೆತು, ಕುರಿಗಳು ಬೆಚ್ಚಿಬೀಳುವಂತೆ ಕೇಕೆ ಹಾಕಿದ.

“ಗುಡ್ಡ ಉಳೀತು ಪಂಪೀ! ನೀ ಅವತ್ತು ಎದ್ದು ನಿಂದರದಿದ್ರ ಮುಗದs ಹೋಗಿತ್ತು!”

ತಿರುಗಿ ನೋಡಿದರೆ ಅವಳು ದಡ್ಡಿಯ ನಡುವೆ ಕೂತುಬಿಟ್ಟಿದ್ದಳು. ಸೆರಗು ಬಾಯಿಗೆ ಒತ್ತಿ ಬಿಕ್ಕುತ್ತಿದ್ದಳು.

“ಇದೇನ ಇದು? ಛಲೋ ಸುದ್ದಿಗೆ ಅಳ್ತಾರೇನು?”

“ಅವತ್ತಿಂದ ತಡಕೊಂಡೀನ್ರಿ” ಎಂದಳು. “ದೇವರ ಪಾಲಿಗೆ ಅಳಬಾರ್ದಂತ. ಈಗ ಎಲ್ಲಾರ ಮುಂದ ಅದರ ಸುದ್ದಿ ಹೇಳಿಬಿಟ್ಟೀನಿ. ಗುಡ್ಡಾನೂ ಉಳೀತು. ಇನ್ನ್ಯಾಕ ತಡಕೊಳ್ಳಲಿ? ನನ್ನ ಮರಿ ಭಾಳ ನಂಬಿತ್ತು ನನ್ನ.”

ವಿರುಪಣ್ಣ ಹೋಗಿ ಅವಳ ಪಕ್ಕದಲ್ಲಿ ಕೂತ.

“ಛಲೋ ಮರಿ ಇತ್ತು” ಎಂದ.

“ಹೂಂ.”

“ಗವಿಯಾಗಿನ ಮರಿ ಈಗ ಹೊರಗ ಬಂದು ಆಡಾಕತ್ತಾವು. ನಿನ್ನಿ ನೋಡಿದ್ನಿ.”

ಪಂಪಮ್ಮ ಮೂಗು ಒರೆಸಿಕೊಂಡಳು. “ಅವಕ್ಕರ ಹೊಟ್ಟಿ ತುಂಬಿತಲ್ಲ” ಎಂದಳು. ಅಷ್ಟು ಹೇಳಿ ಮತ್ತೆ ಅಳತೊಡಗಿದಳು. ಆಗ ವಿರುಪಣ್ಣನಿಗೂ ತಡೆಯಲಾಗಲಿಲ್ಲ. ಕುರಿಗಳು ಸುತ್ತ ನಿಂತು ಮೆಲುಕು ಹಾಕುತ್ತಿದ್ದವು. ಗುಡ್ಡ ಉಳಿದ ಸುದ್ದಿ ಬಂದ ಆ ಸಂಜೆ ಅವರಿಬ್ಬರೂ ಅವುಗಳ ನಡುವೆ ಕೂತು ಆ ಒಂದು ಮರಿಗಾಗಿ ಮನಸಾರೆ ಅತ್ತರು.